ಗೇಟಿನಾಚೆಯ ತುತ್ತು

ನಾಗಶ್ರೀಗೆ ಮಮತೆ ಕಡಿಮೆ. ಕೊಳ್ಳೇಗಾಲದ ನಮ್ಮ ಶಾಲೆಯ ಆಡಳಿತ ಸಮಿತಿಯಲ್ಲಿದ್ದುಕೊಂಡು ಅವಳ ಕೆಲಸವನ್ನು ಮೊದಲ ವರ್ಷದಿಂದ ನೋಡಿದವಳಾಗಿ ಇದನ್ನು ಹೇಳುತ್ತಿದ್ದೇನೆ. ಅಳುವ ಮಗುವನ್ನು ಅವಳು ಎತ್ತಿಕೊಳ್ಳುವುದಿಲ್ಲ. ಪಕ್ಕದಲ್ಲಿ ಕೂತು ಅಳು ಮುಗಿಯುವವರೆಗೆ ಕಾಯುತ್ತಾಳೆ. ತನಗೂ ಯಾರಿಂದ ಏನನ್ನೂ ಮಾಡಿಸಿಕೊಳ್ಳುವುದಿಲ್ಲ. ನಾಲ್ಕು ವರ್ಷದ ಮಕ್ಕಳಿಗೆ ಕಲಿಸುವವಳಲ್ಲಿ ಇದು ದೋಷವೆಂದು ಬಹಳ ಜನ ತಿಳಿಯುತ್ತಾರೆ. ನಾನು ಹಾಗೆ ತಿಳಿಯುವುದಿಲ್ಲ.

ನಮ್ಮದು ಬ್ರಿಟನ್ನಿನ ಪಠ್ಯಕ್ರಮದ ಶಾಲೆ. ಎಲ್‌ಕೆಜಿ, ಯುಕೆಜಿ ಇಲ್ಲ. ನರ್ಸರಿ, ರಿಸೆಪ್ಷನ್, ಆಮೇಲೆ ಇಯರ್ ಒನ್. ರಿಸೆಪ್ಷನ್ ಎಂದರೆ ಮದುವೆಯ ಹಿಂದಿನ ರಾತ್ರಿಯದಲ್ಲವೇ ಎಂದು ಹನೂರು, ಯಳಂದೂರು ಕಡೆಯ ಪೋಷಕರು ನಗುವುದುಂಟು. ನಾಗಶ್ರೀ ಆ ತರಗತಿಯ ಶಿಕ್ಷಕಿ. ಅಲ್ಲಿ ಕಾಪಿ ಬರೆಸುವುದಿಲ್ಲ, ಹೋಂವರ್ಕ್ ಇಲ್ಲ. ಬೆಳಿಗ್ಗೆ ಮಗು ತನ್ನ ಶೂ ತಾನೇ ಬಿಚ್ಚಿ, ಚೀಲವನ್ನು ತನ್ನ ಗೂಟಕ್ಕೆ ತಾನೇ ನೇತುಹಾಕಬೇಕು. ಕಾರ್ಪೆಟ್ ಮೇಲೆ ಕೂತು ಇಂಗ್ಲಿಷ್ ಅಕ್ಷರಗಳ ಹೆಸರಿಗಿಂತ ಮೊದಲು ಅವುಗಳ ಸದ್ದು ಕಲಿಯಬೇಕು. ಆಮೇಲೆ ಮರಳು, ನೀರು, ಜೇಡಿಮಣ್ಣು. ಯಾವುದರ ಹತ್ತಿರ ಕೂರುವುದೆಂಬುದು ಮಗುವಿನ ಇಷ್ಟ. ಪಠ್ಯಕ್ರಮದ ಕೈಪಿಡಿಯಲ್ಲಿ ಅಂಗಡಿಯ ಆಟಕ್ಕೆ ಬೇಕರಿಯ ಚಿತ್ರವಿತ್ತು. ನಾಗಶ್ರೀ ಅಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಹೂಡಿದಳು. ಅವಳ ತಂದೆ ಪಟ್ಟಣದಲ್ಲಿ ಕೈಮಗ್ಗದಲ್ಲಿ ರೇಷ್ಮೆ ನೇಯುವವರು. ಕೆಲಸಕ್ಕೆ ಬಾರದ ಗೂಡುಗಳು ಅವರ ಮೂಲಕ ಬುಟ್ಟಿಗಟ್ಟಲೆ ಬಂದವು. ಮಕ್ಕಳು ತಕ್ಕಡಿ ಹಿಡಿದು ಜಗಳವಾಡುತ್ತಲೇ ಹೆಚ್ಚು ಯಾವುದು, ಕಡಿಮೆ ಯಾವುದು ಎಂದು ಕಲಿತರು.

ಮಗು ಚಾಕು, ಫೋರ್ಕು ಹಿಡಿದು ತಿನ್ನಲು ಕಲಿಯಬೇಕೆಂದೂ ಕೈಪಿಡಿ ಹೇಳಿತ್ತು. ಪ್ರಾಂಶುಪಾಲ ಶಿವಪ್ರಕಾಶ್ ಫೋರ್ಕುಗಳನ್ನು ತರಿಸಿಯೂ ಬಿಟ್ಟರು. ರಾಗಿಮುದ್ದೆಯ ಮುಂದೆ ಅವುಗಳ ಆಟ ನಡೆಯಲಿಲ್ಲ.

"ಮಗು ತಾನೇ ತಿನ್ನಬೇಕು ಅನ್ನೋದು ಗುರಿ ಸರ್. ಫೋರ್ಕಲ್ಲ," ಎಂದು ನಾಗಶ್ರೀ ಅವನ್ನೆಲ್ಲ ಜೇಡಿಮಣ್ಣಿನಲ್ಲಿ ಗೆರೆ ಎಳೆಯಲು ಕೊಟ್ಟಳು.

ಆದರೆ ತಾನೇ ತಿನ್ನುವುದೂ ನಮ್ಮ ಕಡೆ ಸುಲಭದ ಮಾತಲ್ಲ. ಶಾಲೆಗೆ ಸೇರಿದ ಮೇಲೂ ಮಗುವಿಗೆ ಅಜ್ಜಿಯೇ ತುತ್ತಿಡುವುದು ವಾಡಿಕೆ. ಮಧ್ಯಾಹ್ನ ಅಜ್ಜಿಯರು ಕ್ಯಾರಿಯರ್ ಹಿಡಿದು ಬಂದು, ಗೇಟಿನ ಕಂಬಿಗಳ ನಡುವೆ ಕೈ ತೂರಿಸಿ ಮೊಮ್ಮಕ್ಕಳಿಗೆ ತಿನ್ನಿಸುತ್ತಿದ್ದರು. ನಾಗಶ್ರೀ ಅದನ್ನು ನಿಲ್ಲಿಸಿದಳು. ಊಟದ ಡಬ್ಬಿ ಒಳಗೆ ಬರಬಹುದು, ಕೈ ಬರುವಂತಿಲ್ಲ.

ಎಲ್ಲ ಅಜ್ಜಿಯರೂ ಗೊಣಗಿ ಒಪ್ಪಿದರು, ಹೊನ್ನೂರಿನ ಬಸವಮ್ಮನನ್ನು ಬಿಟ್ಟು. ಅವರ ಮೊಮ್ಮಗಳು ಸ್ಪಂದನ ಈ ಜೂನ್‌ನಲ್ಲಿ ಸೇರಿದವಳು. ತಾಯಿ ಹನೂರಿನಲ್ಲಿ ನರ್ಸ್. ಮಗು ಇಲ್ಲೇ ಓದಲಿ ಎಂಬುದು ಅವಳ ಹಠ. ಕರೆತರುವುದು, ಕರೆದೊಯ್ಯುವುದು ಅಜ್ಜಿಯ ಪಾಲು. ಸ್ಪಂದನ ಆಡುತ್ತಿದ್ದಳು, ಹಾಡುತ್ತಿದ್ದಳು, ಡಬ್ಬಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

"ಕೂಸು ಅಸ್ಕಂಡದೆ ಕಣ್ ಮೇಡಮ್ಮ. ನಾಕ್ ತುತ್ತು ಆಕ್ಬುಟ್ಟು ಓಯ್ತೀನಿ," ಎಂದು ಬಸವಮ್ಮ ದಿನವೂ ಗೇಟಿನಾಚೆಯಿಂದ ಕೇಳುವರು.

"ಡಬ್ಬಿ ಅವಳ ಎದುರಿಗೇ ಇದೆ ಅಜ್ಜಿ."

"ಅಯ್ಯೋ, ಡಬ್ಬಿಗೆ ಕೈ ಇದ್ದದಾ?"

ಕಾವಲುಗಾರ ಮಾದಪ್ಪ ಪಕ್ಕದಿಂದ, "ಅವ್ವಾರೆ, ನಂಗಾದ್ರೂ ಆಕ್ಬುಡಿ, ನಾನು ಗೇಟಿಂದ ಈಚ್ಗೇ ಇವ್ನಿ," ಎನ್ನುವನು.

"ನಿಂಗ್ ಯಾವಳ್ಲಾ ಆಕಾಳು, ಮೀಸೆ ಮಡೀಕಂಡು," ಎಂದು ಬಸವಮ್ಮ ಅವನ ಮೇಲೆ ಸಿಟ್ಟು ತೀರಿಸಿಕೊಳ್ಳುವರು.

ಆಗಸ್ಟ್‌ನಲ್ಲಿ ಬಸವಮ್ಮನ ಗಂಡ, ಮಗುವಿನ ತಾತ ಪುಟ್ಟಬಸಪ್ಪ, ಪ್ರಾಂಶುಪಾಲರ ಬಳಿ ಬಂದರು. ಭತ್ತ, ಕಬ್ಬು ಬೆಳೆಯುವ ಅನುಕೂಲಸ್ಥರು. ದನಿ ಎತ್ತದೆ ಮಾತಾಡುವವರು. "ನೋಡಿ ಸಾ, ಆಟ ಆಡ್ಸದು ನಿಮ್ ಪಾಠ ಅಂದ್ರಿ, ಒಪ್ಕಂಡ್ವಿ. ಉಪಾಸ ಕೆಡವದೂ ಪಾಠ್ವಾ? ಈ ಸುಕ್ರವಾರ ಬಂದು ನೋಡ್ತೀನಿ. ಕೂಸು ಉಣ್ದೆ ಕುಂತಿದ್ರೆ ಅಂಗೇ ಕರ್ಕಂಡೋಗಿ ಯಳಂದೂರ್ಗೆ ಸೇರುಸ್ಬುಡ್ತೀನಿ. ಅಲ್ಲಿ ಆಯಾ ತಿನ್ನುಸ್ತಾಳೆ."

ಶಿವಪ್ರಕಾಶ್ ನಾಗಶ್ರೀಯನ್ನು ಕರೆದು ಒಂದು ವಾರ ಅಜ್ಜಿಯನ್ನು ಒಳಗೆ ಬಿಡಿ ಎಂದರು. "ಬಿಡ್ತೀನಿ ಸರ್. ಆಮೇಲೆ ಉಳಿದ ಅಜ್ಜಿಯರನ್ನ ನೀವು ತಡೀರಿ," ಎಂದಳು. ಅವರು ಆ ಮಾತನ್ನು ಅಲ್ಲಿಗೇ ಬಿಟ್ಟರು.

ಅವಳು ಆ ಮಗುವಿಗಾಗಿ ಮಾಡುತ್ತಿದ್ದುದು ಅವರಿಗೆ ಕಂಡಿರಲಿಲ್ಲ. ಮುದ್ದೆಯನ್ನು ಅಗಿಯುವುದಿಲ್ಲ, ಮುರಿದು, ಸಾರಿನಲ್ಲಿ ಅದ್ದಿ ನುಂಗಬೇಕು. ಬೇರೆಯವರ ಬೆರಳಿನಿಂದಲೇ ನುಂಗಿ ಬೆಳೆದ ಮಗುವಿಗೆ ಎಷ್ಟು ಮುರಿಯಬೇಕೆಂಬ ಅಂದಾಜು ಇರುವುದಿಲ್ಲ. ನಾಗಶ್ರೀ ಜೇಡಿಮಣ್ಣಿನ ಮೇಜಿನ ಮೇಲೆ ಕಲಸಿದ ರಾಗಿಹಿಟ್ಟನ್ನೂ, ಬಾಯಿ ಕೊರೆದ ರಟ್ಟಿನ ಗೊಂಬೆಯೊಂದನ್ನೂ ಇಟ್ಟಿದ್ದಳು. ತುತ್ತು ದೊಡ್ಡದಾದರೆ ಆ ಬಾಯಿಯಲ್ಲಿ ಹೋಗುವುದಿಲ್ಲ. ಸ್ಪಂದನ ಗೊಂಬೆಗೆ ಚೆನ್ನಾಗಿಯೇ ಉಣ್ಣಿಸಿದಳು. ಗದರಿಸಿಯೂ ಉಣ್ಣಿಸಿದಳು. ತಾನು ಮಾತ್ರ ಉಣ್ಣಲಿಲ್ಲ.

"ನಿನಗೆ ಹಸಿವಾಗಲ್ವಾ?" ನಾಗಶ್ರೀ ಕೇಳಿದಳು.

"ಆಯ್ತದೆ ಮಿಸ್. ಬಸ್ಸಲ್ಲಿ ಅಜ್ಜಿ ತಿನ್ನುಸ್ತದೆ."

ವಿಷಯ ಇಷ್ಟೇ ಆಗಿತ್ತು. ಬಸವಮ್ಮ ಸಂಜೆ ಬಸ್ಸು ಹತ್ತಿದ ಕೂಡಲೇ ಕ್ಯಾರಿಯರ್ ಬಿಚ್ಚಿ, ಊರು ತಲುಪುವವರೆಗೂ ತುತ್ತಿಡುತ್ತಿದ್ದರು. ಬರುವುದೆಂದು ಖಾತರಿಯಿದ್ದ ಊಟಕ್ಕಾಗಿ ಮಗು ದಿನವೆಲ್ಲ ಕಾಯುತ್ತಿತ್ತು.

ಗುರುವಾರ ಮಧ್ಯಾಹ್ನ ನಾಗಶ್ರೀ ಗೇಟಿಗೆ ಹೋದಳು. "ಅಜ್ಜಿ, ಇವತ್ತು ಬಸ್ಸಲ್ಲಿ ತಿನ್ನಿಸಬೇಡಿ. ಮನೆಗೆ ಹೋಗಿ ತಟ್ಟೆ ಎದುರಿಗಿಡಿ, ಅವಳೇ ತಿನ್ನಲಿ."

"ಅಸ್ಕಂಡ್ ಕೂಸ್ನ ತೊಡೆ ಮ್ಯಾಲ್ ಕೂರುಸ್ಕಂಡು, ಮುಚ್ಚಿದ್ ಕ್ಯಾರಿಯರ್ ಇಡ್ಕಂಡಿರ್ಲಾ? ನಿಂಗ್ ಮಕ್ಳವಾ ಮೇಡಮ್ಮ?"

"ಇಲ್ಲ."

"ಅದ್ಕೇಯ."

ನಾಗಶ್ರೀಯ ಮುಖದಲ್ಲಿ ಏನೂ ಬದಲಾಗಲಿಲ್ಲ. "ನಾಳೆ ತಾತ ಬರ್ತಾರೆ. ಅವಳು ಉಣ್ಣದಿದ್ರೆ ಇಲ್ಲಿ ಓದಲ್ಲ. ನೀವೇ ಯೋಚನೆ ಮಾಡಿ," ಎಂದು ಒಳಗೆ ಬಂದಳು.

ಬಸವಮ್ಮ ಯೋಚಿಸಿರಬೇಕು. ಅಂದು ಬಸ್ಸಿನಲ್ಲಿ ಮಗು ಅತ್ತಿತೆಂದೂ, ಎದುರು ಸೀಟಿನವಳೊಬ್ಬಳು ಬೈದಳೆಂದೂ, ಕ್ಯಾರಿಯರನ್ನು ತಾವು ಸೆರಗಿನಲ್ಲಿ ಸುತ್ತಿಟ್ಟೆವೆಂದೂ, ಮನೆಯಲ್ಲಿ ಮಗು ಒಂದು ತುತ್ತನ್ನು ತಾನೇ ಮುರಿದು ನುಂಗಿತೆಂದೂ ಮರುದಿನ ಬೆಳಿಗ್ಗೆ ಮಾದಪ್ಪನಿಗೆ ಹೇಳಿದರು.

ಶುಕ್ರವಾರ ಊಟದ ಹೊತ್ತಿಗೆ ಗಂಡಹೆಂಡಿರಿಬ್ಬರೂ ಗೇಟಿನಾಚೆ ನಿಂತಿದ್ದರು. ಮಕ್ಕಳು ಜಗಲಿಯ ಮೇಲೆ ಸಾಲಾಗಿ ಕೂತರು. ಸ್ಪಂದನ ಗೇಟಿನ ಕಡೆ ನೋಡಿದಳು, ಡಬ್ಬಿ ನೋಡಿದಳು. ನಾಗಶ್ರೀ ಇನ್ನೊಂದು ಮಗುವಿಗೆ ಡಬ್ಬಿಯ ಮುಚ್ಚಳ ಹೇಗೆ ತಿರುಗಿಸಬೇಕೆಂದು ಹೇಳಿಕೊಡುತ್ತಿದ್ದಳು. ಇತ್ತ ತಿರುಗಲೇ ಇಲ್ಲ. ಮಗು ಡಬ್ಬಿ ತೆರೆದು ಮುದ್ದೆಯ ಅಂಚು ಮುರಿಯಿತು. ದೊಡ್ಡದಾಯಿತು. ಅರ್ಧ ಮಾಡಿ, ಅದ್ದಿ, ನುಂಗಿತು. ಅಂಗಿಯ ಮೇಲೆಲ್ಲ ಸಾರು. ಮತ್ತೊಂದು ಮುರಿಯಿತು.

"ಸರಿ ಬುಡು," ಎಂದು ಪುಟ್ಟಬಸಪ್ಪ ಗೊಬ್ಬರದ ಅಂಗಡಿಯ ಕೆಲಸವಿದೆಯೆಂದು ಹೊರಟರು.

ಬಸವಮ್ಮ ಹೊರಡಲಿಲ್ಲ. ಗೇಟಿನ ಹೊರಗಿನ ಸಿಮೆಂಟ್ ಬೆಂಚಿನ ಮೇಲೆ ಕೂತು, ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದರು.

"ಇನ್ ಮದ್ಯಾನ ಬರೋ ಕೆಲ್ಸ ತಪ್ತು ಕಣ್ಲಾ," ಎಂದು ಮಾದಪ್ಪನಿಗೆ ಹೇಳಿದರು.

ಮಕ್ಕಳು ಕೈ ತೊಳೆಯಲು ಎದ್ದ ಮೇಲೆ ನಾಗಶ್ರೀ ಹೊರಗೆ ಬಂದು ಅದೇ ಬೆಂಚಿನ ಮೇಲೆ ಕೂತಳು.

"ನಾನು ಇವತ್ತು ಡಬ್ಬಿ ತಂದಿಲ್ಲ ಅಜ್ಜಿ," ಎಂದಳು.

ಅವಳ ಡಬ್ಬಿ ಸ್ಟಾಫ್ ರೂಮಿನ ಮೇಜಿನ ಮೇಲಿತ್ತು. ನಾನು ಅದರ ಪಕ್ಕದಲ್ಲೇ, ಗೇಟಿನ ಕಡೆಯ ಕಿಟಕಿಯ ಬಳಿ ನಿಂತಿದ್ದೆ.

ಬಸವಮ್ಮ ಕ್ಯಾರಿಯರ್ ಬಿಚ್ಚಿದರು. "ಮುಚ್ಚಳ್ದಲ್ ಆಕ್ಕೊಡ್ಲಾ?" ಎಂದು ಕೇಳಿ, ಉತ್ತರ ಬರುವ ಮುಂಚೆಯೇ ಕೈ ತಡೆಯದೆ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿಬಿಟ್ಟಿದ್ದರು.

ನಾಗಶ್ರೀ ಕೈ ಚಾಚಲಿಲ್ಲ. ಬಾಯಿ ತೆರೆದಳು.