ಬಿರುಗಾಳಿ ಯಾರು?

ಸ್ಪೇನಿನ ಫ್ಲಮೆಂಕೊ ಸಂಗೀತದ ಹಳೆಯ ಗ್ರಾಮಫೋನ್ ತಟ್ಟೆಗಳ ಮೇಲೆ ಗಿಟಾರ್ ನುಡಿಸಿದವರ ಹೆಸರು ಅಚ್ಚು ಹಾಕುವಷ್ಟು ದೊಡ್ಡ ಮನಸ್ಸು ಆ ಕಾಲದ ಕಂಪನಿಗಳಿಗೆ ಇರಲಿಲ್ಲ. ಧ್ವನಿ ಸಂಗ್ರಹಾಲಯದಲ್ಲಿ ಕೂತು, ಅದು ಯಾರ ಕೈ ಎಂದು ಕೇಳಿಯೇ ಪತ್ತೆ ಹಚ್ಚುವುದು ಮಗಳ ಕೆಲಸ. ಆ ಕಿವಿ ಅಪ್ಪ ಕೊಟ್ಟದ್ದು. ಮಡಚಲು ಬಾರದ ಎರಡು ಬೆರಳೂ ಅಪ್ಪ ಕೊಟ್ಟದ್ದೇ.

ಅಪ್ಪ ಗಿಟಾರ್ ಮೇಷ್ಟ್ರು. ಹರೆಯದಲ್ಲಿ ಕೂಲಿಗೆ ಹತ್ತಾರು ತಟ್ಟೆಗಳಿಗೆ ನುಡಿಸಿದ್ದರು. ಒಂದರ ಮೇಲೂ ಹೆಸರಿಲ್ಲ, ಒಂದನ್ನೂ ಮತ್ತೆ ಕೇಳಿದ್ದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಆ ಸಂಕಟವನ್ನೆಲ್ಲ ತೀರಿಸಿಕೊಂಡದ್ದು ಮಗಳ ಮೇಲೆ. ಹಳೆ ಸಾಮಾನಿನಂಗಡಿಯಿಂದ ತಂದ ಹೆಸರಿಲ್ಲದ ತಟ್ಟೆಯೊಂದು ಮನೆಯಲ್ಲಿತ್ತು. ಅದರಲ್ಲಿ ನುಡಿಸಿದವನಿಗೆ ಅಪ್ಪನೇ 'ಬಿರುಗಾಳಿ' ಎಂದು ಹೆಸರಿಟ್ಟಿದ್ದರು. ಅವನ ವೇಗವನ್ನು ಮಗಳು ಮುಟ್ಟಬೇಕು. ಮುಟ್ಟದಿದ್ದರೆ "ವೇಗ ಸಾಲ್ದು" ಎಂದು ಉಂಗುರದ ಬೆರಳಿನಿಂದ ಅವಳ ಗೆಣ್ಣಿನ ಮೇಲೆ ಎರಡೇಟು: ಒಂದು ಮೆಲ್ಲಗೆ, ಒಂದು ಜೋರಾಗಿ. ತಂತಿಯ ಮೇಲೆ ಓಡಿ ಓಡಿ ಎರಡು ಬೆರಳ ನರ ಸೆಟೆದುಕೊಂಡಾಗ "ಇವಳ ಹಣೇಲಿ ಬರ್ದಿಲ್ಲ" ಎಂದು ಕೈತೊಳೆದುಕೊಂಡರು.

ಈಗ ವಯಸ್ಸಾದ ಮೇಲೆ ಒಂದೇ ಹಂಬಲ. "ನಾನು ಸಾಯೋದ್ರೊಳಗೆ ಬಿರುಗಾಳಿ ಯಾರಂತ ಹೇಳಮ್ಮ."

ಅವಳು ತಟ್ಟೆಯನ್ನು ಕೆಲಸಕ್ಕೆ ಒಯ್ದಳು. ವಾದನದ ನಡುವೆ ಹೆಂಗಸೊಬ್ಬಳು ಹುರಿದುಂಬಿಸಿ ಕೂಗುವುದು ಯಾಕೋ ಕೀಚಲಾಗಿ ಕೇಳಿತು. ತಟ್ಟೆಯ ಓಟ ತಗ್ಗಿಸುತ್ತ ಹೋದಳು. ಹೆಂಗಸು ದಪ್ಪ ದನಿಯ ಗಂಡಸಾದಳು. ಅಂದು ಧ್ವನಿ ಮುದ್ರಿಸಿದ ಯಂತ್ರವೇ ನಿಧಾನವಾಗಿ ತಿರುಗಿತ್ತು. ಹಾಗಾಗಿ ಸರಿಯಾದ ವೇಗದ ಯಂತ್ರಕ್ಕೆ ಹಾಕಿದಾಗಲೆಲ್ಲ ನುಡಿಸಿದವನ ಕೈ ಕುದುರೆಯಾಗುತ್ತಿತ್ತು. ಬಿರುಗಾಳಿ ಇಳಿದು ಸಾಧಾರಣ ಬೆರಳುಗಳಾದವು. ಕೊನೆಯ ಸ್ವರಕ್ಕೆ ಮುಂಚೆ, ಓಟದಲ್ಲಿ ಕಲಸಿಹೋಗಿದ್ದ ಸದ್ದೊಂದು ಬಿಡಿಸಿಕೊಂಡಿತು. ಗಿಟಾರಿನ ಮರದ ಮೇಲೆ ಉಂಗುರದ ಎರಡು ಬಡಿತ: ಒಂದು ಮೆಲ್ಲಗೆ, ಒಂದು ಜೋರಾಗಿ. ಅವಳ ಕಿವಿಗಿಂತ ಮೊದಲು ಗೆಣ್ಣಿಗೆ ಗುರುತು ಸಿಕ್ಕಿತು.

ಅಪ್ಪನನ್ನು ಕರೆಸಿ, ಏನೂ ಹೇಳದೆ ನಿಧಾನದ ಓಟದಲ್ಲೇ ಕೇಳಿಸಿದಳು.

"ಇದ್ಯಾವ ಕತ್ತೆ? ಇವನ ಬೆರಳಿಗೂ ಎರಡು ಬಿಡ್ಬೇಕಿತ್ತು."

"ಈಗ್ಲೇ ಬಿಡಿ ಅಪ್ಪ. ಉಂಗುರ ಇನ್ನೂ ನಿಮ್ಮ ಕೈಯಲ್ಲೇ ಇದೆಯಲ್ಲ."

ಕೊನೆಯ ಸ್ವರ ಬಂತು. ಅಪ್ಪನ ಉಂಗುರ ತಾನಾಗಿಯೇ ಕುರ್ಚಿಯ ಕೈಗೆ ಎರಡು ಸಲ ಬಡಿಯಿತು, ತಟ್ಟೆಯ ಜೊತೆಜೊತೆಗೇ. ಅವರು ತಮ್ಮ ಕೈಯನ್ನು ದಿಟ್ಟಿಸಿದರು.

"ಬಿರುಗಾಳಿ ನೀವೇ," ಎಂದು ಯಂತ್ರದ ವಿಷಯ ಬಿಡಿಸಿ ಹೇಳಿದಳು. "ಅಷ್ಟು ವೇಗವಾಗಿ ಯಾರೂ ನುಡಿಸಿರ್ಲಿಲ್ಲ ಅಪ್ಪ. ನೀವೂ ನುಡಿಸಿರ್ಲಿಲ್ಲ." ಹೇಳುವಾಗ ಅವಳಿಗೆ ಹಾಯೆನಿಸಿತು, ಸುಳ್ಳೇಕೆ.

ಅಪ್ಪನ ಕಣ್ಣು ಅವಳ ಸೆಟೆದ ಬೆರಳಿಗೆ ಬಂದು ನಿಂತಿತು. ತುಟಿ ಅಲ್ಲಾಡಿತು. ಒಂದು ಮಾತು ಬಂದೀತೆಂದು ಅವಳು ಕಾದಳು.

"ಹೆಸರು... ಹಾಕ್ತೀಯಲ್ಲ?"

"ವೇಗ ಸಾಲ್ದು," ಎಂದಳು ಮಗಳು. ತಟ್ಟೆಯ ಲಕೋಟೆಯ ಮೇಲೆ 'ವಾದಕರು ತಿಳಿದಿಲ್ಲ' ಎಂದು ಬರೆದು, ತಟ್ಟೆಯನ್ನು ಹೆಸರಿಲ್ಲದವುಗಳ ಜೊತೆಗಿಟ್ಟಳು.