ಮುನ್ನೂರು ಡ್ರೈವರುಗಳ ಎಂಟು ತಾಸು ನಿದ್ದೆ

ಯಶವಂತನಗರದ ಹತ್ತಿರದ ಒಂದು ಗಣಿಯಲ್ಲಿ, ಅದಿರು ತುಂಬಿದ ಲಾರಿ ತೂಗುವ ವೇಬ್ರಿಡ್ಜ್‌ನ ಕಿಟಕಿಯಲ್ಲಿ ಕೂತು ಒಂಬತ್ತು ವರ್ಷ ಚೀಟಿ ಹರಿದು ಕೊಟ್ಟೆ. ಭಾನುವಾರ ಹೊಸಪೇಟೆಯಲ್ಲಿ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ. ಕ್ಲಾಸು. ಎಲ್ಲ ಪೇಪರೂ ಪಾಸಾಗಿದ್ದವು, ಕೊನೆಯ ವರ್ಷದ ಪ್ರಾಜೆಕ್ಟ್ ಮಾತ್ರ ಎರಡು ಸಲ ತಪ್ಪಿತ್ತು. ಈ ಸಲವೂ ಕೊಡದಿದ್ದರೆ ನೋಂದಣಿ ರದ್ದು, ಮತ್ತೆ ಮೊದಲ ವರ್ಷದಿಂದ ಓದಬೇಕು. ಪಾಸಾದರೆ ಗಣಿಯ ಕಾರ್ಮಿಕ ಕಲ್ಯಾಣ ಆಫೀಸಿನಲ್ಲಿ ಕೆಲಸ ಕೊಡುತ್ತೇವೆ ಎಂದಿದ್ದರು. ಧೂಳು ತಿಂದು ತಿಂದು ಸಾಕಾಗಿತ್ತು, ನನಗೆ ಆ ಕೆಲಸ ಬೇಕೇ ಬೇಕಿತ್ತು.

ವಿಷಯ, ಲಾರಿ ಡ್ರೈವರುಗಳ ನಿದ್ದೆ. ನೂರು ಜನರಿಂದ ಪ್ರಶ್ನಾವಳಿ ತುಂಬಿಸಬೇಕು. ಡ್ರೈವರುಗಳು ನನ್ನ ಕಿಟಕಿಗೇ ಬರುತ್ತಾರಲ್ಲ, ಇನ್ನೇನು ಬೇಕು ಎಂದು ಬೀಗಿದೆ. ಮೊದಲ ದಿನ ಒಬ್ಬನೂ ಹಾಳೆ ಮುಟ್ಟಲಿಲ್ಲ.

"ಇದಕ್ಕ ಸೀಲೇ ಇಲ್ಲಲ್ರಿ ಅಕ್ಕಾರ. ಸೀಲಿಲ್ಲದ ಕಾಗದ ಇಟ್ಕಂಡು ನಾವೇನು ಮಾಡಾನ್ರಿ?"

ನಿಜವೇ. ಪರ್ಮಿಟ್ಟಿಗೆ ಸೀಲು, ತೂಕದ ಚೀಟಿಗೆ ಸೀಲು. ಸೀಲಿಲ್ಲದ್ದು ನಮ್ಮ ಕಡೆ ಕಾಗದವೇ ಅಲ್ಲ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ! ಮರುದಿನ ಬೆಳಿಗ್ಗೆ ನೂರೂ ಹಾಳೆಗೆ ವೇಬ್ರಿಡ್ಜ್ ಸೀಲು ಒತ್ತಿಬಿಟ್ಟೆ.

ಮಧ್ಯಾಹ್ನದೊಳಗೆ ಹೊಸ ರೂಲ್ಸ್ ಬಂದಿದೆಯೆಂದು ಸುದ್ದಿ ಹಬ್ಬಿತು. ಡ್ರೈವರುಗಳು ನನ್ನ ಪ್ರಶ್ನಾವಳಿಯನ್ನು ಪರ್ಮಿಟ್ಟಿಗೆ ಪಿನ್ ಹೊಡೆದುಕೊಂಡು ಹೋದರು. ಗೇಟಿನ ಸೆಕ್ಯೂರಿಟಿಯವನು "ನಿದ್ದಿ ಪಾಸ್ ಎಲ್ಲಿ?" ಎಂದು ಕೇಳಿ ಕೇಳಿ ಇಸಿದುಕೊಳ್ಳತೊಡಗಿದ. ನಿದ್ದಿ ಪಾಸಂತೆ!

ನಾನು ಓಡಿಹೋಗಿ, "ಅಣ್ಣಾ, ಅದು ನನ್ನ ಓದಿಂದು, ಗೇಟಿಂದಲ್ಲ" ಎಂದೆ.

"ಇರ್ಲಿ ಬಿಡ್ರಿ ಅಕ್ಕಾರ, ಸೀಲಂತೂ ಐತಲ್ಲ" ಎಂದ ಅವನು.

ಹಾಳೆ ಸಿಗದವರು ಸಂಡೂರಿನ ಜೆರಾಕ್ಸ್ ಅಂಗಡಿಗೆ ಹೋದರು. ಅಲ್ಲಿ ಸೀಲಿನ ಸಮೇತ ಉತ್ತರ ತುಂಬಿದ್ದೇ ಸಿಗುತ್ತಿತ್ತು. ಮೂರು ವಾರದ ಮೇಲೆ ಗೇಟಿನವನು ಭಾಳ ಮರ್ಯಾದೆಯಿಂದ ಒಂದು ಕಟ್ಟು ತಂದುಕೊಟ್ಟ, ಮುನ್ನೂರಕ್ಕೂ ಹೆಚ್ಚು ಹಾಳೆ. ಬಹುಪಾಲು ಒಂದೇ ಕೈಬರಹ, ಉಳಿದವರು ಅದನ್ನೇ ನೋಡಿ ಬರೆದದ್ದು. ನಿದ್ದೆ, ಎಂಟು ತಾಸು. ಆಯಾಸ, ಇಲ್ಲ. ಮಕ್ಕಳು, ಎರಡು. ಗಾಡಿ ಓಡಿಸುವಾಗ ನಿದ್ದೆ ಬಂದರೆ ಏನು ಮಾಡುತ್ತೀರಿ ಎಂಬುದಕ್ಕೆ 'ಕಂಪನಿಗೆ ಧನ್ಯವಾದಗಳು'. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೊಸಪೇಟೆಯ ನನ್ನ ಗೈಡ್ ಮೇಡಂ ಕಟ್ಟನ್ನು ತಿರುವಿ ಹಾಕಿ ಕನ್ನಡಕ ತೆಗೆದರು. "ಎಲ್ಲಾರೂ ಎಂಟು ತಾಸು ಮಲಗಿದ್ರ ಲಾರಿ ಯಾರವ್ವಾ ಹೊಡಿತಾರ? ಗುರುವಾರದೊಳಗ ಒಂದಾದ್ರೂ ಖರೇ ಉತ್ತರ ತಗಂಬಾ. ಇಲ್ಲಂದ್ರ ನಾ ಸೈನ್ ಹಾಕಂಗಿಲ್ಲ."

ಬುಧವಾರ ರಜೆ ಹಾಕಿ, ಸೀಲಿಲ್ಲದ ಹಾಳೆ ಹಿಡಿದು ಲಾರಿಗಳ ಸಾಲಿಗೇ ಹೋದೆ. "ನಿದ್ದಿ ಪಾಸ್ ರಿನ್ಯೂ ಮಾಡಿಸ್ಬೇಕೇನ್ರಿ?" ಎಂದು ಎಲ್ಲರದೂ ಒಂದೇ ಪ್ರಶ್ನೆ. ಕೊನೆಗೆ ಕಂಪ್ಲಿಯ ಒಬ್ಬ ಹಿರಿಯ ಡ್ರೈವರ್ ಪಾಪ ಎಂದು ಪಕ್ಕದ ಸೀಟಿಗೆ ಹತ್ತಿಸಿಕೊಂಡ. ವಯಸ್ಸು ಬರೆದ, ಎಷ್ಟು ವರ್ಷದಿಂದ ಗಾಡಿ ಎಂಬುದನ್ನೂ ಬರೆದ. ದಿನಕ್ಕೆ ಎಷ್ಟು ತಾಸು ನಿದ್ದೆ ಎಂಬಲ್ಲಿ ಪೆನ್ನು ನಿಂತಿತು. ಯೋಚಿಸುತ್ತಿದ್ದಾನೆ ಎಂದುಕೊಂಡೆ. ಪೆನ್ನು ಮೆಲ್ಲಗೆ ಜಾರುತ್ತ ಹಾಳೆಯ ಬುಡದವರೆಗೆ ಗೆರೆ ಎಳೆಯಿತು. ಕುಂತಲ್ಲೇ ನಿದ್ದೆ ಹೋಗಿದ್ದ.

ಹಿಂದಿನ ಲಾರಿ ಹಾರ್ನ್ ಹೊಡೆದಾಗ ಬೆಚ್ಚಿ ಎದ್ದು, ಹಾಳೆ ನೋಡಿ, ನನ್ನ ಮುಖ ನೋಡಿ, ಎರಡೂ ಕೈ ಜೋಡಿಸಿಬಿಟ್ಟ. "ಯವ್ವಾ, ತಪ್ಪಾತು. ಎಂಟು ತಾಸು ಅಂತ ಬರ್ಕೊ. ಇಲ್ಲಂದ್ರ ಗೇಟಿನಾಗ ಗಾಡಿ ಬಿಡಂಗಿಲ್ಲ."

ಇದು ಗೇಟಿನದಲ್ಲ, ನನ್ನ ಪರೀಕ್ಷೆಯದು ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಅವನ ಕಣ್ಣೆದುರೇ ಎಂಟು ಎಂದು ಬರೆದು ಇಳಿದೆ.

ಗುರುವಾರ ನಡೆದದ್ದನ್ನೆಲ್ಲ ಹೇಳಿ ಹಾಳೆ ಕೊಟ್ಟೆ. ಮೇಡಂ ಆ ಗೆರೆಯನ್ನೂ ಅದರ ಪಕ್ಕದ ಎಂಟನ್ನೂ ನೋಡಿದರು. "ಇವರು ಯಾಕ ಸುಳ್ಳು ಹೇಳಿದ್ರು, ಅದನ್ನ ಬರಿ. ನೀ ಸೀಲು ಒತ್ತಿದ್ದನ್ನೂ ಬಿಡದಂಗ ಬರಿ" ಎಂದರು. ನನ್ನ ದಡ್ಡತನಕ್ಕೇ ಆರು ಅಧ್ಯಾಯ ಆಯಿತು. ಪಾಸಾದೆ, ಕೆಲಸವೂ ಸಿಕ್ಕಿತು.

ಹೋದ ತಿಂಗಳು ಕ್ಯಾಂಟೀನ್ ಹತ್ತಿರ ಆ ಕಂಪ್ಲಿಯವನು ಸಿಕ್ಕ. "ಪರೀಕ್ಷಿ ಏನಾತವ್ವಾ?" ಎಂದು ಕೇಳಿದ. ಪಾಸು ಎಂದೆ.

ಅವನ ಮುಖ ಅರಳಿತು. "ಭಾಳ ಛಲೋ ಆತು ನೋಡು. ಅವತ್ತು ನಾ ಎಂಟು ಅಂತ ಸರಿಯಾಗಿ ಹೇಳಿದ್ದಕ್ಕ ನಿಂಗೂ ಉಪಯೋಗಾತು."

ಹೌದಣ್ಣಾ ಎಂದೆ. ಅವನ ಕಣ್ಣು ಕೆಂಪಗಿದ್ದವು. ಚಹಾ ಕುಡಿದು, ಮೂರನೇ ಟ್ರಿಪ್ ಐತಿ ಎಂದು ಲಾರಿ ಹತ್ತಿದ.