ಮಹಡಿ ಮೇಲೆ ಬಾಡಿಗೆಗೆ ಬಂದ ಪೈಥಾನು

‘ಪೈಥಾನ್ ಯಾರಿಗೆ ಬರತ್ತೆ?’ ಅಂತ ಹೆಡ್‌ಮಿಸ್ ಸ್ಟಾಫ್‌ರೂಮಿನಲ್ಲಿ ಕೇಳಿದಾಗ ನನ್ನ ಕೈ ಮೇಲೆ ಹೋಗಿತ್ತು. ನಾನು ಎತ್ತಿದ್ದಲ್ಲ, ಅದಾಗಿಯೇ ಹೋಗಿದ್ದು. ಹೇರೋಹಳ್ಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾ, ಗೊತ್ತಿರೋರು ಕೈ ಎತ್ತಿ ಅಂತ ದಿನಾ ಗದರಿಸುವವಳು ನಾನು. ಅದೇ ಮಾತು ಬೇರೆಯವರ ಬಾಯಲ್ಲಿ ಬಂದರೆ ನನ್ನ ಕೈಗೆ ಸುಮ್ಮನಿರಲು ಬರುವುದಿಲ್ಲ.

ಸುಮ್ಮನಿರದಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ವರ್ಷ ನಮ್ಮ ರಸ್ತೆಯ ಕೊನೆಯಲ್ಲಿ ಮುಖಕ್ಕೆಲ್ಲ ಗಾಜು ಹೊದ್ದ ಹೊಸ ಸ್ಕೂಲೊಂದು ಎದ್ದಿತ್ತು. ಗುಂಡಿ ದಾಟಿಕೊಂಡು ನಮ್ಮ ಗೇಟಿಗೆ ಬರುತ್ತಿದ್ದ ಮಕ್ಕಳಲ್ಲಿ ಎಷ್ಟೋ ಜನ ಇನ್ನೂ ನಾಲ್ಕು ಗುಂಡಿ ದಾಟಿ ಅಲ್ಲಿಗೆ ಹೋದರು. ನಮ್ಮ ಒಂಬತ್ತನೇ ಕ್ಲಾಸಿನ ಒಂದು ಸೆಕ್ಷನ್ ಮುಚ್ಚಿತು. ಅದರ ಗಣಿತ ನನ್ನದಾಗಿತ್ತು. ಪೀರಿಯಡ್ ಕಡಿಮೆ ಬಿದ್ದ ಟೀಚರನ್ನು ಮ್ಯಾನೇಜ್‌ಮೆಂಟಿನವರು ಹೇಗೆ ನೋಡುತ್ತಾರೆ ಅಂದರೆ, ಮದುವೆಮನೆಯಲ್ಲಿ ಎಲೆ ಎತ್ತುವ ಹೊತ್ತಾದರೂ ಕೂತೇ ಇರುವವರನ್ನು ನೋಡಿದ ಹಾಗೆ. ನನ್ನನ್ನು ಅರ್ಧ ದಿನಕ್ಕೆ ಇಳಿಸುತ್ತಾರೆ ಅನ್ನುವ ಸುದ್ದಿ ಆಗಲೇ ಓಡಾಡುತ್ತಿತ್ತು. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಹೇಳಿಕೊಡಲು ಹೊಸದಾಗಿ ಶುರುವಾಗುವ ಕಂಪ್ಯೂಟರ್ ಪೀರಿಯಡ್‌ಗಳು ಸಿಕ್ಕರೆ ನಾನು ಪೂರ್ತಿ ಟೀಚರ್. ಸಿಗದಿದ್ದರೆ ಮಧ್ಯಾಹ್ನದ ಬೆಲ್ಲಿಗೆ ಬ್ಯಾಗು ಹೆಗಲಿಗೇರಿಸಿ ಮನೆಗೆ.

ಮೇಲೆ ಹೋದ ಇನ್ನೊಂದು ಕೈ ಡ್ರಾಯಿಂಗ್ ಮಾಸ್ಟರದ್ದು.

“ನಿಮಗೆ ಬರತ್ತಾ ಸಾರ್?” ಅಂದರು ಹೆಡ್‌ಮಿಸ್.

“ನಮ್ಮ ಷಡ್ಡಕರು ಹಾಕ್ಕೊಟ್ಟಿದಾರೆ ಮೇಡಂ, ಲ್ಯಾಪ್‌ಟಾಪಲ್ಲಿ ಇದೆ.”

“ನಿಮಗೆ?”

“ನನ್ಹತ್ರನೂ ಇದೆ ಮೇಡಂ” ಅಂದೆ. ಲ್ಯಾಪ್‌ಟಾಪ್ ಇದೆ ಅನ್ನುವ ಅರ್ಥದಲ್ಲಿ ಅಂದಿದ್ದು ಅಂತ ಬಸ್ಸಿನಲ್ಲಿ ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

“ಹಾಗಿದ್ರೆ ಸೋಮವಾರ ಇಬ್ರೂ ತಗೊಂಬನ್ನಿ. ಅದರಲ್ಲಿ ಒಂದು ಗ್ರಾಫ್ ಬರೆಸಿ ತೋರ್ಸಿ. ನೋಡಿ ಹೇಳ್ತೀನಿ.”

ಶನಿವಾರ ಅರ್ಧ ದಿನ. ಗೋವಿಂದರಾಜನಗರದ ನಮ್ಮ ಮನೆಗೆ ಬಂದಾಗ ಅತ್ತೆ ನಡುಮನೆಯಲ್ಲಿ ಅವರೆಕಾಳು ಹಿತುಕುತ್ತಾ ಕೂತಿದ್ದರು. ನೆನೆದ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಅವರು ಒತ್ತಿದರೆ ಬೇಳೆ ಹಾರಿ ನೇರ ಪಾತ್ರೆಗೇ ಬೀಳುತ್ತದೆ. ನಾನು ಒತ್ತಿದರೆ ಸೋಫಾ ಕೆಳಗೆ ಹೋಗುತ್ತದೆ. ಅದಕ್ಕೇ ಆ ಕೆಲಸಕ್ಕೆ ನನ್ನನ್ನು ಕರೆಯುವುದಿಲ್ಲ. ನಾನು ಪೈಥಾನ್ ಹಾಕಿಕೊಳ್ಳಲು ಎದುರಿಗೆ ಲ್ಯಾಪ್‌ಟಾಪ್ ತೆಗೆದು ಕೂತೆ.

ನನ್ನ ಸ್ವಭಾವ ಹೇಳಿಬಿಡಬೇಕು. ಬಸ್ಸು ಹತ್ತಿದ ಮೇಲೆ ಗ್ಯಾಸ್ ಆಫ್ ಮಾಡಿದೀನಾ ನೋಡಿ ಅಂತ ಅತ್ತೆಗೆ ಫೋನ್ ಮಾಡುವವಳು ನಾನು. ಅತ್ತೆ ಅದೇ ಒಲೆಯ ಮುಂದೆ ನಿಂತು ಸಾರು ಕುದಿಸುತ್ತಾ, “ಆಫ್ ಆಗಿದೆ ಹೋಗಮ್ಮ” ಅನ್ನುತ್ತಾರೆ. ಇಂಥವಳ ಮುಂದೆ ಕಂಪ್ಯೂಟರ್ ‘ಒಪ್ಪಿಗೆಯೇ?’ ಅಂತ ಕೇಳಿದರೆ ಏನಾಗಬೇಕು? ಕರಾರಿನ ಅಷ್ಟುದ್ದ ಇಂಗ್ಲಿಷನ್ನು ಬಾಡಿಗೆ ಅಗ್ರಿಮೆಂಟ್ ಓದುವ ಹಾಗೆ ಓದಿದೆ. ಅರ್ಥವಾಗದ ಕಡೆ ಎರಡು ಸಲ ಓದಿದೆ. ಆಮೇಲೆ ಯಾವ ಪೈಥಾನ್ ಅನ್ನುವ ಪ್ರಶ್ನೆ ಬಂತು. ಹೊಸದು, ಸ್ವಲ್ಪ ಹಳೆಯದು, ತೀರಾ ಹಳೆಯದು, ಹೀಗೆ ಸಾಲಾಗಿ ಇದ್ದವು. ಅಕ್ಕಿಯಂತೆ ಇದೂ ಸ್ವಲ್ಪ ಹಳೆಯದಾದರೆ ಉದುರುದುರಾಗಿ ಬರಬಹುದು ಅಂತ ನಡುವಿನದನ್ನು ಇಳಿಸಿಕೊಂಡೆ.

ಹಾಕುವಾಗ ಕೆಳಗಡೆ ಒಂದು ಪುಟ್ಟ ಚೌಕ ಕಾಣಿಸಿತು. ‘ಪಾತ್‌ಗೆ ಸೇರಿಸಲೇ?’ ಅಂತ ಅದರ ಪಕ್ಕದಲ್ಲಿತ್ತು. ಇಂಥ ಚೌಕಗಳಿಗೆ ಟಿಕ್ ಹಾಕಿದ್ದಕ್ಕೇ ನನಗೆ ದಿನಾ ಮಧ್ಯಾಹ್ನ ಪರ್ಸನಲ್ ಲೋನ್ ಬೇಕಾ ಮೇಡಂ ಅಂತ ಫೋನ್ ಬರುವುದು. ಟಿಕ್ ಹಾಕದೆ ಮುಂದೆ ಹೋದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಒಂದು ಲೋಟ ಕಾಫಿ ಕುಡಿದೆ.

ಬಂದು, ಇಂಟರ್‌ನೆಟ್ಟಿನಲ್ಲಿ ಹೇಳಿದ್ದ ಹಾಗೆ, ಕಂಪ್ಯೂಟರಿಗೆ ಅಪ್ಪಣೆ ಕೊಡುವ ಕಪ್ಪು ಕಿಟಕಿ ತೆರೆದು ಪೈಥಾನ್ ಅಂತ ಟೈಪ್ ಮಾಡಿದೆ. ಆ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ ಅಂತ ಕಿಟಕಿ ಇಂಗ್ಲಿಷಿನಲ್ಲಿ ಹೇಳಿತು.

“ಏನಂತೆ?” ಅಂದರು ಅತ್ತೆ.

“ಗುರುತು ಸಿಗ್ತಿಲ್ವಂತೆ.”

“ಈಗ ತಾನೇ ಒಳಗೆ ಬಿಟ್ಕೊಂಡ್ಯಲ್ಲ ಕಣೇ?”

“ಬಿಟ್ಕೊಂಡೆ. ಆದ್ರೆ ಒಳಗೆ ಎಲ್ಲಿ ಕೂತಿದೆ ಅಂತ ಅದಕ್ಕೆ ನಾನು ಹೇಳ್ಬೇಕಿತ್ತಂತೆ. ಆ ಟಿಕ್ಕು ಇದ್ದಿದ್ದೇ ಅದಕ್ಕಂತೆ.”

“ನೆಂಟರನ್ನ ಕರ್ದು ರೂಮು ತೋರಿಸ್ದೆ ಕಾಫಿ ಕುಡಿಯಕ್ಕೆ ಹೋದ್ರೆ ಇನ್ನೇನಾಗತ್ತೆ” ಅಂದು ಅತ್ತೆ ಇನ್ನೊಂದು ಹಿಡಿ ಕಾಳು ಎಳೆದುಕೊಂಡರು.

ಹಾಕಿದ್ದನ್ನು ತೆಗೆದೆ. ಮತ್ತೆ ಹಾಕಿದೆ. ಈ ಸಲ ಕಂಡ ಚೌಕಕ್ಕೆಲ್ಲ ಟಿಕ್ ಹಾಕಿದೆ, ಲೋನಿನವರು ಬಂದರೆ ಬರಲಿ ಅಂತ. ಈಗ ಕಿಟಕಿಗೆ ಪೈಥಾನಿನ ಗುರುತು ಸಿಕ್ಕಿತು. ಎರಡೂ ಎರಡೂ ಕೂಡು ಅಂದೆ, ನಾಲ್ಕು ಅಂತು. ಗಣಿತದ ಟೀಚರಿಗೆ ಅದರಿಂದ ಅಂಥ ದೊಡ್ಡ ಸಂತೋಷವೇನೂ ಆಗಬಾರದಿತ್ತು, ಆಯಿತು.

ಗ್ರಾಫ್ ಬರೆಯಲು ಮಾತ್ರ ಪೈಥಾನ್ ಒಂದೇ ಸಾಲದು, ಜೊತೆಗೆ ಇನ್ನೊಂದು ಸಾಮಾನು ತರಿಸಿಕೊಳ್ಳಬೇಕು. ತರಿಸು ಅಂತ ಕಿಟಕಿಗೆ ಹೇಳಿದೆ. ಸರಸರ ಅಂತ ಸಾಲುಗಳು ಓಡಿದವು. ಬಂತು ಬಂತು ಅಂದುಕೊಳ್ಳುವಷ್ಟರಲ್ಲಿ ಕೆಂಪಾಗಿ ಉದ್ದಕ್ಕೆ ಏನೇನೋ ಉಗುಳಿ ನಿಂತಿತು. ಮತ್ತೆ ಹೇಳಿದೆ. ಮತ್ತೆ ಉಗುಳಿತು.

ಅಷ್ಟರಲ್ಲಿ ನಮ್ಮನೆಯವರ ಫೋನ್. ಕೆಂಗೇರಿಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಹಿಂದೆ ಎಲೆ ಹಾಸುವ ಗಲಾಟೆ ಕೇಳುತ್ತಿತ್ತು.

“ಆಯ್ತೇನೇ?”

“ಇಲ್ಲ ರೀ. ಕೆಂಪಕ್ಷರ ಬರ್ತಿದೆ.”

“ಆಫ್ ಮಾಡಿ ಆನ್ ಮಾಡಿದ್ಯಾ?”

ಟಿವಿ, ಮಿಕ್ಸಿ, ನನ್ನ ತಲೆನೋವು, ಎಲ್ಲಕ್ಕೂ ಅವರದು ಅದೊಂದೇ ಮದ್ದು. ತಲೆನೋವಿಗೆ ಸ್ವಲ್ಪ ಮಲಗಿ ಎದ್ದೇಳು ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಆಫ್ ಮಾಡಿ ಆನ್ ಮಾಡಿದೆ. ಕೆಂಪಕ್ಷರ ವಿಶ್ರಾಂತಿ ತೆಗೆದುಕೊಂಡು ಇನ್ನಷ್ಟು ಲವಲವಿಕೆಯಿಂದ ಬಂತು.

ಭಾನುವಾರ ತಿಂಡಿ ಆದ ಮೇಲೆ ಒಂದು ತೀರ್ಮಾನಕ್ಕೆ ಬಂದೆ. ಸ್ಕೂಲಲ್ಲಿ ಮಕ್ಕಳಿಗೆ ಹೇಳುತ್ತೇನಲ್ಲ, ಲೆಕ್ಕ ತಪ್ಪಾದರೆ ಅಳಿಸಬೇಡಿ, ಎಲ್ಲಿ ತಪ್ಪಿತು ಅಂತ ಒಂದೊಂದು ಸಾಲೂ ಓದಿ ಅಂತ. ಹೇಳುವುದು ಸುಲಭ. ಆ ಕೆಂಪು ಸಾಲುಗಳನ್ನು ಬೆರಳಿಟ್ಟು ಓದುತ್ತಾ ಹೋದೆ. ಯಾವ ಫೋಲ್ಡರಿನ ಒಳಗೆ ಯಾವ ಫೋಲ್ಡರು ಅಂತ ಒಂದು ವಿಳಾಸ ಇತ್ತು. ಅದರ ನಡುವೆ, ಮನೆಯ ಯಜಮಾನರ ಹೆಸರು ಇರಬೇಕಾದ ಜಾಗದಲ್ಲಿ, ಬರೀ ಪ್ರಶ್ನಾರ್ಥಕ ಚಿಹ್ನೆಗಳು.

ಯಾರೋ ಒಳಗೆ ಸೇರಿಕೊಂಡಿದ್ದಾನೆ ಅನ್ನಿಸಿತು. ಬ್ಯಾಂಕಿನ ಪಾಸ್‌ವರ್ಡ್ ಬದಲಾಯಿಸಿದೆ. ಕ್ಯಾಮೆರಾ ಮೇಲೆ ಬಿಂದಿ ಅಂಟಿಸಿದೆ. ಮಿಕ್ಕ ಕಾಳು ಹಿತುಕುತ್ತಾ ಕೂತಿದ್ದ ಅತ್ತೆಗೆ, ಸ್ವಲ್ಪ ಆ ಕಡೆ ಕೂತ್ಕೊಳ್ಳಿ ಅಂದೆ.

“ಯಾಕೆ, ಯಾರು ನೋಡ್ತಾರೆ?” ಅಂದರು.

“ಅದೇ ಗೊತ್ತಾಗ್ತಿಲ್ಲ ಅತ್ತೆ. ಹೆಸರಿರೋ ಜಾಗದಲ್ಲಿ ಹೆಸರೇ ಇಲ್ಲ.”

“ನಿನ್ನ ಹೆಸರು ಇರ್ಬೇಕಲ್ವಾ ಅಲ್ಲಿ? ಏನಂತ ಕೊಟ್ಟಿದ್ದೆ?”

ಆಗ ಹೊಳೆಯಿತು. ನಾನು ಹೆಸರು ಕೊಟ್ಟಿರಲೇ ಇಲ್ಲ.

ಲ್ಯಾಪ್‌ಟಾಪ್ ಮನೆಗೆ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಮುಚ್ಚಳ ತೆಗೆದಿದ್ದೆವು. ಮೊಟ್ಟಮೊದಲಿಗೆ ಅದು ಖಾಲಿ ಗೆರೆಯೊಂದನ್ನು ತೋರಿಸಿ ಇಲ್ಲಿ ಬರೆಯಿರಿ ಅಂತು. ನಮ್ಮಲ್ಲಿ ಹೊಸದು ಯಾವುದೇ ಆದರೂ ಮೊದಲ ಗೆರೆಯಲ್ಲಿ ಏನು ಬರೆಯುತ್ತೇವೆ? ದಿನಸಿ ಚೀಟಿಯ ನೆತ್ತಿಯಲ್ಲೂ, ನಾನು ತಯಾರು ಮಾಡುವ ಪ್ರಶ್ನೆಪತ್ರಿಕೆಯ ಕರಡಿನ ಮೇಲೂ ಇರುವುದು ಅದೇ. ಕನ್ನಡ ಕೀಲಿಮಣೆಗೆ ಬದಲಾಯಿಸಿಕೊಂಡು ಭಕ್ತಿಯಿಂದ ‘ಶ್ರೀ’ ಅಂತ ಹೊಡೆದೆ. ಕೆಳಗಿನ ಗೆರೆಗೆ ಹೋಗಿ ನನ್ನ ಹೆಸರು ಬರೆಯೋಣ ಅಂತ ಎಂಟರ್ ಒತ್ತಿದೆ. ಕೆಳಗಿನ ಗೆರೆಯೇ ಇರಲಿಲ್ಲ. ಯಂತ್ರ ಅಷ್ಟನ್ನೇ ಹೆಸರು ಅಂತ ತೆಗೆದುಕೊಂಡು ಒಳಗೆ ಕರೆಯಿತು. ಅವತ್ತಿನಿಂದ ತೆರೆದಾಗಲೆಲ್ಲ ಅದು ಶ್ರೀಗೆ ಸ್ವಾಗತ ಹೇಳುತ್ತಿತ್ತು. ನಮಗೆಲ್ಲ ಅದು ಎಷ್ಟು ಲಕ್ಷಣವಾಗಿದೆ ಅನ್ನಿಸುತ್ತಿತ್ತು. ಆದರೆ ಪೈಥಾನಿನ ಸಾಮಾನು ಹೊತ್ತು ತರುವವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಬಾಗಿಲ ತನಕ ಬಂದು, ಬೋರ್ಡು ಓದಲಾಗದೆ, ಬೈದುಕೊಂಡು ವಾಪಸು ಹೋಗುತ್ತಿದ್ದ.

ಅತ್ತೆಗೆ ವಿವರಿಸಿದೆ.

“ಈಗೇನು, ಶ್ರೀ ಅಳಿಸ್ಬೇಕಾ?” ಅಂದರು. ಕಾಳು ಹಿತುಕುವುದು ನಿಂತಿತ್ತು.

“ಬೇರೆ ದಾರಿ ಇಲ್ಲ ಅನ್ಸತ್ತೆ.”

“ಬರೆದ ಶ್ರೀನ ಯಾರಾದ್ರೂ ಅಳಿಸ್ತಾರೇನೇ? ಹಬ್ಬ ಬೇರೆ ಹತ್ರ ಬಂತು.”

ನಕ್ಕುಬಿಡಬಹುದಿತ್ತು. ನಗಲಿಲ್ಲ. ಯಾಕೆಂದರೆ ಅಳಿಸುವ ಬಟನ್ನಿನ ಮೇಲೆ ಬಾಣ ಇಟ್ಟಿದ್ದ ನನ್ನ ಬೆರಳೂ ಒತ್ತಲು ಒಪ್ಪುತ್ತಿರಲಿಲ್ಲ. ನಾಳೆ ಕೆಲಸ ಅರ್ಧ ಆಗುವ ಹೊತ್ತಿನಲ್ಲಿ ಇವತ್ತು ಶ್ರೀ ಅಳಿಸಿದವಳು ಅನ್ನಿಸಿಕೊಳ್ಳುವ ಧೈರ್ಯ ನನಗೆಲ್ಲಿಂದ ಬರಬೇಕು? ಅಳಿಸದೆ ಏನು ಮಾಡಬಹುದು ಅಂತ ಹುಡುಕಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಉಪಾಯ ಸಿಕ್ಕಿತು. ಅದೇ ಲ್ಯಾಪ್‌ಟಾಪಿನಲ್ಲಿ ಇನ್ನೊಬ್ಬರ ಹೆಸರಿಗೆ ಬೇರೆ ಖಾತೆ ತೆರೆಯಬಹುದು, ಹಳೆಯದು ಇದ್ದ ಹಾಗೇ ಇರುತ್ತದೆ.

“ಅಂದ್ರೆ ಮೇಲೊಂದು ಮಹಡಿ ಕಟ್ಟಿ ಬಾಡಿಗೆಗೆ ಬಿಡೋದು” ಅಂದರು ಅತ್ತೆ. ನಮ್ಮ ಬೀದಿಯಲ್ಲಿ ಹಾಗೆ ಮಾಡದ ಮನೆ ನಮ್ಮದೊಂದೇ.

“ಹೂಂ, ಹಾಗೇ.”

“ಓನರು ಕೆಳಗೇ ಇರ್ತಾರೆ ತಾನೆ?”

“ಇರ್ತಾರೆ.”

“ಹಾಗಾದ್ರೆ ಬಿಡು. ಆದ್ರೆ ಬಾಡಿಗೆಯವರ ಹೆಸರು ಕೇಳ್ಕೋ. ಪೈಥಾನು ಅಂದ್ರೆ ಹೆಬ್ಬಾವು ಅಂತ ಮೊನ್ನೆ ಟಿವಿಲಿ ತೋರಿಸಿದ್ರು, ನಂಗೊತ್ತು. ಆ ಹೆಸರಲ್ಲಿ ಬೇಡ.”

ಮ್ಯಾಥ್ಸ್ ಅಂತ ಇಂಗ್ಲಿಷಿನಲ್ಲಿ ಹೆಸರು ಕೊಟ್ಟೆ. ಈ ಸಲ ಎಂಟರ್ ಒತ್ತುವ ಮೊದಲು ಅತ್ತೆಗೂ ಒಂದು ಸಲ ತೋರಿಸಿದೆ. ಹೊಸ ಮಹಡಿಯಲ್ಲಿ ಎಲ್ಲವನ್ನೂ ಮೊದಲಿನಿಂದ ಹಾಕಿದೆ. ಸಾಮಾನಿನವನು ಈ ಬೋರ್ಡು ಓದಿಕೊಂಡು ಸೀದಾ ಒಳಗೆ ಬಂದ. ಕೆಂಪಕ್ಷರ ಬರಲಿಲ್ಲ. ಅದೂ ಯಾಕೆ ಬರಲಿಲ್ಲ ಅಂತ ಸ್ವಲ್ಪ ಹೊತ್ತು ಚಿಂತೆಯಾಯಿತು. ಇಂಟರ್‌ನೆಟ್ಟಿನಲ್ಲಿದ್ದ ಸಾಲುಗಳನ್ನು ನೋಡಿಕೊಂಡು ಹೊಡೆದೆ. ಬಿಳಿ ಹಾಳೆಯೊಂದು ತೆರೆದು ಅದರ ಮೇಲೆ ನೀಲಿ ಗೆರೆ ಒಂದು ಓರೆಯಾಗಿ ಮೇಲಕ್ಕೆ ಹೋಯಿತು.

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

“ಇಷ್ಟಕ್ಕಾ ಎರಡು ದಿನ ಗುದ್ದಾಡಿದ್ದು? ಆ ಡ್ರಾಯಿಂಗ್ ಮಾಸ್ಟ್ರು ಕೈಯಲ್ಲೇ ಎಳೀತಿದ್ರು.”

ಸೋಮವಾರ ಹೆಡ್‌ಮಿಸ್ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್‌ಗಳು. ಡ್ರಾಯಿಂಗ್ ಮಾಸ್ಟರದ್ದು ಮೊದಲು. ಅವರ ಷಡ್ಡಕರು ಅಚ್ಚುಕಟ್ಟಾದ ಮನುಷ್ಯ. ಒಂದು ಬಟನ್ ಒತ್ತಿದರೆ ಸಾಕು, ಬಣ್ಣಬಣ್ಣದ ಅಲೆಗಳು ಒಂದರ ಮೇಲೊಂದು ಎದ್ದವು, ರಂಗೋಲಿಯ ಹಾಗೆ. ನನ್ನ ನೀಲಿ ಗೆರೆ ಅದರ ಪಕ್ಕದಲ್ಲಿ, ಸ್ಕೂಲಿಗೆ ತಡವಾಗಿ ಬಂದು ಬಾಗಿಲಲ್ಲಿ ನಿಂತ ಮಗುವಿನ ಹಾಗೆ ಕಾಣುತ್ತಿತ್ತು. ಅರ್ಧ ದಿನದ ಟೀಚರಾಗಿ ಮಧ್ಯಾಹ್ನ ಯಾವ ಬಸ್ಸು ಹಿಡಿಯಬಹುದು ಅಂತ ಮನಸ್ಸಿನಲ್ಲೇ ಹುಡುಕತೊಡಗಿದೆ.

“ಚೆನ್ನಾಗಿದೆ ಸಾರ್” ಅಂದರು ಹೆಡ್‌ಮಿಸ್. “ಇದನ್ನ ನಮ್ಮ ಲ್ಯಾಬಿನ ಕಂಪ್ಯೂಟರ್‌ಗೆಲ್ಲ ಹಾಕ್ಬೇಕು. ಹಾಕುವಾಗ ಏನಾದ್ರೂ ಕೈಕೊಟ್ರೆ?”

“ಷಡ್ಡಕರನ್ನ ಕೇಳ್ಬೇಕು ಮೇಡಂ. ಆದ್ರೆ ಅವರು ಈಗ ಮಾತಾಡ್ತಿಲ್ಲ. ಮಾವನ ಸೈಟಿನ ವಿಷ್ಯ.”

“ನೀವು ಹೇಳಿ ಮಿಸ್.”

ನಾನು ಹೇಳಿದೆ. ಗುರುತು ಸಿಗದಿದ್ದರೆ ಯಾವ ಟಿಕ್ ಮರೆತಿರುತ್ತೇವೆ ಅಂತ ಹೇಳಿದೆ. ವಿಳಾಸದ ನಡುವೆ ಪ್ರಶ್ನಾರ್ಥಕ ಚಿಹ್ನೆ ಬಂದರೆ ಪೊಲೀಸರಿಗೆ ಹೇಳುವ ಅಗತ್ಯವಿಲ್ಲ, ಹೆಸರು ಯಾವ ಭಾಷೆಯಲ್ಲಿದೆ ನೋಡಬೇಕು ಅಂದೆ. ಅಳಿಸದೆ ಮಹಡಿ ಕಟ್ಟುವುದು ಹೇಗೆ ಅಂತ ಹೇಳಿದೆ. ಆಫ್ ಮಾಡಿ ಆನ್ ಮಾಡುವುದರಿಂದ ಏನೂ ಆಗುವುದಿಲ್ಲ ಅಂತ ಒತ್ತಿ ಹೇಳಿದೆ.

ಹೆಡ್‌ಮಿಸ್ ಪೆನ್ನು ಕೆಳಗಿಟ್ಟರು. “ಇಷ್ಟೊಂದು ತಪ್ಪು ಎಲ್ಲಿ ನೋಡಿದ್ರಿ?”

“ಎಲ್ಲಾ ನಾನೇ ಮಾಡಿದ್ದು ಮೇಡಂ.”

ಅವರು ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ. “ಲ್ಯಾಬು, ಒಂಬತ್ತನೇ ಕ್ಲಾಸಿನ ಕಂಪ್ಯೂಟರ್ ಪೀರಿಯಡ್ಡು ಎರಡೂ ನೀವೇ ನೋಡ್ಕೊಳ್ಳಿ. ಗುರುವಾರದಿಂದ” ಅಂದರು.

ಹೊರಗೆ ಬಂದ ಮೇಲೆ ಡ್ರಾಯಿಂಗ್ ಮಾಸ್ಟರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. ಬೇಜಾರಾಗಿರಬೇಕು ಅಂತ ನಾನು ಮಾತು ಹುಡುಕುತ್ತಿದ್ದೆ.

“ಸದ್ಯ ಮಿಸ್. ನಂಗೇ ಕೊಟ್ಟುಬಿಟ್ಟಿದ್ರೆ ಏನ್ಮಾಡ್ಬೇಕಿತ್ತು? ಆ ಬಟನ್ ಬಿಟ್ರೆ ನಂಗೇನೂ ಗೊತ್ತಿಲ್ಲ” ಅಂದರು. ಆಮೇಲೆ ವಿಶ್ವಾಸದಿಂದ ಕೇಳಿದರು: “ಗ್ರಾಫ್ ಆದ್ಮೇಲೆ ಮುಂದೆ ಏನು ಹೇಳ್ಕೊಡ್ತೀರಾ?”

ಪೂರ್ತಿ ಟೀಚರಾಗಿ ಉಳಿದೆ ಅನ್ನುವ ಸಂತೋಷ ಕಾರಿಡಾರಿನ ಆ ತುದಿಯಿಂದ ಈ ತುದಿಯವರೆಗೂ ಬಂದಿರಲಿಲ್ಲ. ಪೈಥಾನನ್ನು ಒಳಗೆ ಕರೆದು ಕೂರಿಸುವುದು ನನಗೆ ಗೊತ್ತಿತ್ತು. ಕೂತ ಮೇಲೆ ಅದರ ಜೊತೆ ಏನು ಮಾತಾಡಬೇಕು ಅಂತ ಎಲ್ಲೂ ಓದಿರಲಿಲ್ಲ.

“ಗುರುವಾರದ ತನಕ ಟೈಮಿದೆಯಲ್ಲ ಸಾರ್” ಅಂದೆ. ಅವರ ಬಣ್ಣದ ಅಲೆಗಳನ್ನು ಇನ್ನೊಂದು ಸಲ ತೋರಿಸಿ ಅಂತ ಸ್ಟಾಫ್‌ರೂಮಿಗೆ ಕರೆದುಕೊಂಡು ಹೋದೆ. ಆ ಬಟನ್ನಿನ ಹಿಂದೆ ಅವರ ಷಡ್ಡಕರು ಏನೇನು ಬರೆದಿಟ್ಟಿದ್ದಾರೆ ಅಂತ ಇಬ್ಬರೂ ಮೊದಲ ಸಾಲಿನಿಂದ ಓದಲು ಕೂತೆವು.